ಜೈಪಾಲ್ ಸಿಂಗ್ ಮುಂಡಾ: ಸಂವಿಧಾನ ಸಭೆಯಲ್ಲಿ ಸೋತ ಒಂದು ಪದ

ಮಂಡ್ಯ ಸೀಮೆಯ ನಮಗೆ 1938 ಅಂದ್ರೆ ಮದ್ದೂರಿನ ಶಿವಪುರ, ಧ್ವಜ ಸತ್ಯಾಗ್ರಹ. ಅದರ ಮರುವರ್ಷ ರಾಂಚಿಯಲ್ಲಿ ಆದಿವಾಸಿ ಮಹಾಸಭಾದ ಅಧ್ಯಕ್ಷರಾದ ಜೈಪಾಲ್ ಸಿಂಗ್ ಮುಂಡಾ ಅವರ ಹೆಸರು ಮಾತ್ರ ನಮ್ಮ ಕಡೆ ಅಷ್ಟಾಗಿ ಕೇಳಿಬರೋದಿಲ್ಲ. ಮದ್ದೂರು, ಮಳವಳ್ಳಿಯ ತಾಲೂಕು ಕಚೇರಿಗಳಲ್ಲಿ ಜಾತಿ ಪ್ರಮಾಣಪತ್ರಕ್ಕೆ ನಿಂತ ಜನರನ್ನು ಕಂಡಾಗ ನನಗೆ ಅವರು ನೆನಪಾಗುತ್ತಾರೆ. ಅಲ್ಲಿನ ಕಾಗದಗಳಲ್ಲಿರುವ 'ಪರಿಶಿಷ್ಟ ಪಂಗಡ' ಎಂಬ ಪದದ ಹಿಂದೆ ಅವರು ಸೋತ ವಾದವೊಂದಿದೆ.

1903ರಲ್ಲಿ, ಈಗಿನ ಜಾರ್ಖಂಡಿನ ಖೂಂಟಿ ಸೀಮೆಯ ಮುಂಡಾ ಕುಟುಂಬದಲ್ಲಿ ಹುಟ್ಟಿದ ಜೈಪಾಲ್ ಓದಿದ್ದು ಆಕ್ಸ್‌ಫರ್ಡಿನಲ್ಲಿ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡಕ್ಕೆ ಅವರೇ ನಾಯಕ. ಫೈನಲ್‌ಗೆ ಮೊದಲೇ ತಂಡದಿಂದ ದೂರ ಸರಿದಿದ್ದರು. ಕೈಗೆ ಬಂದಿದ್ದ ಐಸಿಎಸ್ ಹುದ್ದೆಯನ್ನೂ ಬಿಟ್ಟರು.

1946ರ ಡಿಸೆಂಬರ್ 19ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಆದಿವಾಸಿಗಳಿಗೆ ಪ್ರಜಾಪ್ರಭುತ್ವದ ಪಾಠ ಬೇಕಿಲ್ಲ, ಅವರಿಂದಲೇ ಉಳಿದವರು ಕಲಿಯಬೇಕು ಎಂಬರ್ಥದಲ್ಲಿ ಮಾತಾಡಿದರು. ಮುಂದೆ ಸಂವಿಧಾನದಲ್ಲಿ 'ಆದಿವಾಸಿ' ಎಂಬ ಪದವೇ ಇರಬೇಕೆಂದು ಪಟ್ಟು ಹಿಡಿದರು. ಈ ನೆಲದ ಮೊದಲಿಗರು ಎಂಬ ಅರ್ಥ ಅದರಲ್ಲಿತ್ತು. 1948ರ ಡಿಸೆಂಬರಿನಲ್ಲಿ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಆ ಪದಕ್ಕೆ ಕಾನೂನಿನಲ್ಲಿ ಖಚಿತ ಅರ್ಥವಿಲ್ಲ, ಪಟ್ಟಿಯಾದರೆ ಯಾರು ಸೇರಿದ್ದಾರೆ ಎಂಬುದು ಸ್ಪಷ್ಟ ಎಂಬುದು ಅವರ ವಾದ.

ಅಂಬೇಡ್ಕರ್ ವಾದವನ್ನು ತಳ್ಳಿಹಾಕೋಕಾಗಲ್ಲ. ಮೀಸಲಾತಿಗೆ ಕೋರ್ಟಿನಲ್ಲಿ ನಿಲ್ಲುವ ಪಟ್ಟಿ ಬೇಕೇಬೇಕು. ಆದರೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಜನರೇ ಇಲ್ಲದಂತಾಗುತ್ತದೆ. 342ನೇ ವಿಧಿಯಂತೆ ಅದನ್ನು ಬದಲಿಸುವ ಅಧಿಕಾರ ಸಂಸತ್ತಿಗಷ್ಟೇ. ಕಾಡುಕುರುಬದ ಜೊತೆ 'ಬೆಟ್ಟಕುರುಬ' ಎಂಬ ಹೆಸರನ್ನು ಸೇರಿಸಲು ಕರ್ನಾಟಕ 2022ರ ಮಸೂದೆವರೆಗೆ ಕಾಯಬೇಕಾಯಿತು.

ಜೈಪಾಲ್ ಬರೀ ಹೆಸರಿಗೆ ಹೋರಾಡಲಿಲ್ಲ. ಐದನೇ ಅನುಸೂಚಿಯ ಚರ್ಚೆಯಲ್ಲಿ ಬುಡಕಟ್ಟು ಸಲಹಾ ಮಂಡಳಿಗೆ ಹೆಚ್ಚಿನ ಅಧಿಕಾರ ಕೇಳಿದರು. ಆಮೇಲೆ ಜಾರ್ಖಂಡ್ ಪಕ್ಷ ಕಟ್ಟಿ ಲೋಕಸಭೆಗೆ ಹೋದರು. 1963ರಲ್ಲಿ ಅದನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿದ್ದು ಅವರ ಅನೇಕ ಬೆಂಬಲಿಗರಿಗೇ ನುಂಗಲಾಗದ ತುತ್ತಾಯಿತು. 1970ರಲ್ಲಿ ತೀರಿಕೊಂಡರು, ಕೇಳಿದ ರಾಜ್ಯ ಬಂದದ್ದು 2000ದಲ್ಲಿ.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಇವತ್ತಿಗೂ ಒಂದೂ ಇಲ್ಲ. ಸೋಲಿಗರು, ಜೇನುಕುರುಬರು, ಇರುಳಿಗರು ಪಟ್ಟಿಯಲ್ಲಿದ್ದಾರೆ, ಪ್ರಮಾಣಪತ್ರವೂ ಸಿಗುತ್ತದೆ. ಅವರ ಕಾಡಿನ ಮೇಲೆ ಅವರ ಮಾತು ಎಷ್ಟು ನಡೆಯಬೇಕು? ಜೈಪಾಲ್ ಎತ್ತಿದ ಈ ಪ್ರಶ್ನೆಯನ್ನು ನಾವು ಆರಿಸಿ ಕಳಿಸಿದವರು ಸದನದಲ್ಲಿ ಇನ್ನಾದರೂ ಎತ್ತಬೇಕು.