ಸೊಸೈಟಿಗೆ ದಾರಿ ಹಾಕಿದ ಕಣಗಿನಹಾಳದ ಗೌಡ್ರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತ ಬಿತ್ತನೆ ಕಾಲಕ್ಕೆ ನೆನೆಯೋದು ಸೊಸೈಟಿಯನ್ನ. ಇದಕ್ಕೆ ದಾರಿ ಹಾಕಿದವರು ಮಾತ್ರ ನಮ್ಮ ತುಂಗಭದ್ರಾ ಹೊಳೆಯಾಚೆಯ ಒಬ್ಬ ಒಕ್ಕಲಿಗರು. ಗದಗ ತಾಲ್ಲೂಕು ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು.

ಗೌಡ್ರು ಹುಟ್ಟಿದ್ದು 1843ರಲ್ಲಿ. ಅವರಿಗೆ ಮೂವತ್ತು ದಾಟಿದಾಗ 1876-78ರ ಘೋರ ಬರ ಬಂತು. ಹೊಳೆಯ ಎರಡೂ ದಂಡೆಯಲ್ಲಿ ಜನ, ದನ ಸತ್ತವು. ಉಳಿದವರು ಬೀಜಕ್ಕೂ ಎತ್ತಿಗೂ ಸಾಹುಕಾರನ ಬಾಗಿಲು ಕಾಯಬೇಕಾಯಿತು. ಬಡ್ಡಿ ಬೆಳೆದು ಹೊಲವನ್ನೇ ನುಂಗುತ್ತಿದ್ದ ಕಾಲ ಅದು.

1904ರಲ್ಲಿ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಹತ್ತು ಮಂದಿ ಕೂಡಿದರೆ ಒಂದು ಸಂಘ. ಆದರೆ ಹಳ್ಳಿಯ ಸಂಘಕ್ಕೆ ಕಾಯ್ದೆ ಹಾಕಿದ ಹೊಣೆ ಸಣ್ಣದಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿ ಸದಸ್ಯನ ಹೊಲ, ಮನೆ ಎಲ್ಲವೂ ಬಾಧ್ಯ. ನೆರೆಯವನ ಸಾಲಕ್ಕೆ ತನ್ನ ಆಸ್ತಿ ಒಡ್ಡೋರು ಯಾರು?

ಅರವತ್ತು ದಾಟಿದ್ದ ಗೌಡ್ರು ಮುಂದೆ ಬಂದರು. 1905ರಲ್ಲಿ ಊರಿನವರನ್ನು ಕೂಡಿಸಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಸರು ಕಣಗಿನಹಾಳಕ್ಕೆ ಬಂದಿದ್ದು ಹೀಗೆ. 1933ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಸಹಕಾರಿ ಪಿತಾಮಹ ಎಂದು ಜನ ಇಂದಿಗೂ ನೆನೆಯುತ್ತಾರೆ.

ಉದ್ರಿ ಕೊಡುವ ನಮ್ಮ ಅಂಗಡಿಯವರಿಗೆ ಗೊತ್ತು, ವ್ಯವಹಾರ ನಿಂತಿರೋದು ನಂಬಿಕೆ ಮೇಲೆ. ಗೌಡ್ರು ಇಡೀ ಊರನ್ನೇ ನಂಬಿದರು. ಸೊಸೈಟಿ ಎತ್ತುವಳಿಗೆ ಕೈ ಹಾಕುವವರೂ, ಶಕ್ತಿಯಿದ್ದೂ ಕಂತು ಕಟ್ಟದೆ ತಿರುಗುವವರೂ ಅದನ್ನೊಮ್ಮೆ ನೆನೆದರೆ ಸಾಕು.