ಕತ್ತಲನ್ನು ಬಲ್ಲ ಛಾಯಾಗ್ರಾಹಕ ವಿ.ಕೆ. ಮೂರ್ತಿ

ಹಿಂದಿ ಚಿತ್ರರಂಗದ ಕಪ್ಪು-ಬಿಳುಪು ಯುಗದ ಶ್ರೇಷ್ಠ ಚಿತ್ರಗಳನ್ನು ಹೆಸರಿಸುವಾಗ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಮತ್ತು ‘ಸಾಹಿಬ್ ಬೀಬಿ ಔರ್ ಗುಲಾಮ್’ ಈ ಮೂರನ್ನು ಬಿಡುವಂತಿಲ್ಲ. ಮೂರನ್ನೂ ಜನ ಗುರುದತ್ ಅವರ ಹೆಸರಿನೊಂದಿಗೇ ನೆನೆಯುತ್ತಾರೆ. ಆದರೆ ಆ ಚಿತ್ರಗಳ ನೆನಪೆಂದು ಕಣ್ಣಿನಲ್ಲಿ ಉಳಿಯುವುದು ಕಥೆಗಿಂತ ಹೆಚ್ಚಾಗಿ ಕೆಲವು ದೃಶ್ಯಗಳು. ಬಾಗಿಲಿನ ಬೆಳಕಿಗೆ ಬೆನ್ನುಕೊಟ್ಟು ನಿಂತ ಕವಿ, ಖಾಲಿ ಸ್ಟುಡಿಯೋದೊಳಗೆ ಓರೆಯಾಗಿ ಇಳಿದ ಬಿಸಿಲಕೋಲು, ಹವೇಲಿಯ ಕತ್ತಲಲ್ಲಿ ಕಾಯುವ ಸೊಸೆ. ಈ ದೃಶ್ಯಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದವರು ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕಲಿತ ಕನ್ನಡಿಗ, ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ. ಚಿತ್ರರಂಗದಲ್ಲಿ ಅವರು ವಿ.ಕೆ. ಮೂರ್ತಿ.

ಪಿಟೀಲಿನಿಂದ ಕ್ಯಾಮೆರಾದತ್ತ

ಮೂರ್ತಿಯವರು ಜನಿಸಿದ್ದು 1923ರ ನವೆಂಬರ್ 26ರಂದು. ಎಳೆಯ ವಯಸ್ಸಿನಲ್ಲಿ ಅವರ ಒಲವು ಪಿಟೀಲಿನ ಕಡೆಗಿತ್ತು. ಸ್ವಾತಂತ್ರ್ಯ ಚಳವಳಿಯ ಬಿಸಿ ಮೈಸೂರು ಸಂಸ್ಥಾನವನ್ನು ತಟ್ಟಿದಾಗ ಅದರಲ್ಲಿ ಧುಮುಕಿ ಸೆರೆವಾಸವನ್ನೂ ಅನುಭವಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆರಂಭವಾಯಿತು. ಸಿನಿಮಾ ಛಾಯಾಗ್ರಹಣವನ್ನು ತರಗತಿಯಲ್ಲಿ ಕಲಿಸುವ ಕಲ್ಪನೆಯೇ ದೇಶಕ್ಕೆ ಹೊಸದಾಗಿದ್ದ ಕಾಲವದು. ಅಲ್ಲಿನ ಮೊದಲ ತಂಡದ ವಿದ್ಯಾರ್ಥಿಯಾಗಿ ಸೇರಿದ ಮೂರ್ತಿಯವರು 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಯ ದಾರಿ ಹಿಡಿದರು.

ಮುಂಬಯಿಯಲ್ಲಿ ಅವರಿಗೆ ಗುರುವಾಗಿ ದೊರೆತವರು ಹೆಸರಾಂತ ಛಾಯಾಗ್ರಾಹಕ ಫಾಲಿ ಮಿಸ್ತ್ರಿ. ಆದರೆ ಅದೃಷ್ಟದ ಬಾಗಿಲು ತೆರೆದದ್ದು ‘ಬಾಜಿ’ (1951) ಚಿತ್ರದ ಸೆಟ್ಟಿನಲ್ಲಿ. ಗುರುದತ್ ನಿರ್ದೇಶನದ ಮೊದಲ ಚಿತ್ರವದು. ವಿ. ರಾತ್ರಾ ಛಾಯಾಗ್ರಾಹಕರು, ಮೂರ್ತಿಯವರು ಸಹಾಯಕರು. ಹಾಡೊಂದರಲ್ಲಿ ಕನ್ನಡಿಯ ಪ್ರತಿಬಿಂಬವನ್ನೂ ಒಳಗೊಂಡ, ಕ್ಯಾಮೆರಾ ಚಲಿಸುತ್ತಲೇ ಇರಬೇಕಾದ ಜಟಿಲ ಶಾಟ್ ಗುರುದತ್ ಅವರಿಗೆ ಬೇಕಿತ್ತು. ಅದು ಕಷ್ಟಸಾಧ್ಯವೆಂದಾಗ, ಸಹಾಯಕರಾಗಿದ್ದ ಮೂರ್ತಿಯವರು ಹಿರಿಯರ ಅನುಮತಿ ಬೇಡಿ ತಾವೇ ಪ್ರಯತ್ನಿಸಿ ಯಶಸ್ವಿಯಾದರು. ಮುಂದಿನ ಚಿತ್ರಕ್ಕೆ ನೀವೇ ಛಾಯಾಗ್ರಾಹಕರೆಂದು ಗುರುದತ್ ಮಾತು ಕೊಟ್ಟರು, ಅದನ್ನು ಉಳಿಸಿಕೊಂಡರು. ‘ಜಾಲ್’ (1952) ಹೀಗೆ ಮೂರ್ತಿಯವರ ಪಾಲಿಗೆ ಬಂತು.

ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ. ಕನ್ನಡ ನಾಡಿನ ಈ ಇಬ್ಬರು ಮುಂಬಯಿಯಲ್ಲಿ ಜೊತೆಗೂಡಿ ಹತ್ತು ವರ್ಷ ಹಿಂದಿ ಚಿತ್ರರಂಗದ ನೋಟವನ್ನೇ ಬದಲಿಸಿದರು. ‘ಬಾಜ್’, ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರಗಳ ಬಳಿಕ ಗುರುದತ್ ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ ‘ಸಿಐಡಿ’ (1956) ಬಂತು. ಹೆಚ್ಚು ನಾಭಿದೂರದ ಲೆನ್ಸ್ ಬಳಸಿ ಮುಖವನ್ನು ಹಿನ್ನೆಲೆಯಿಂದ ಬೇರ್ಪಡಿಸಿ ತೋರುವ ಸಮೀಪ ಚಿತ್ರಿಕೆಗಳು ಈ ಜೋಡಿಯ ಗುರುತಾದವು.

ಸೂರ್ಯನನ್ನು ಒಳಗೆ ಕರೆತಂದದ್ದು

‘ಪ್ಯಾಸಾ’ (1957) ಈ ಜೋಡಿಯ ಕಲೆ ಮಾಗಿದ ಚಿತ್ರ. ಸತ್ತನೆಂದು ಜಗತ್ತು ನಂಬಿದ್ದ ಕವಿ ತನ್ನದೇ ಸ್ಮರಣೆಯ ಸಭೆಯ ಬಾಗಿಲಿಗೆ ಬಂದು ಕೈ ಚಾಚಿ ನಿಲ್ಲುತ್ತಾನೆ. ಬೆಳಕು ಅವನ ಹಿಂದಿನಿಂದ ಬರುತ್ತದೆ. ನಾಯಕನ ಮುಖ ಹೊಳೆಯಲೇಬೇಕೆಂದು ಎಲ್ಲರೂ ಬಯಸುತ್ತಿದ್ದ ಕಾಲದಲ್ಲಿ ಮೂರ್ತಿಯವರು ಆ ಮುಖವನ್ನು ನೆರಳಿಗೆ ಬಿಟ್ಟರು. ಆ ಸಭೆಗೆ ಅವನ ಪರಿಚಯ ಹತ್ತದಿರುವುದನ್ನು ಆ ನೆರಳೇ ಹೇಳುತ್ತದೆ.

ಎರಡು ವರ್ಷಗಳ ನಂತರ ಬಂದ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಎತ್ತರದ ಎರಡು ಪಟ್ಟಿಗೂ ಮೀರಿದ ಅಗಲದ ಪರದೆಯನ್ನು ತುಂಬುವುದು ಹೇಗೆಂಬ ಪ್ರಶ್ನೆ ಎದುರಾಗಿತ್ತು. ಮೂರ್ತಿಯವರು ಅದನ್ನು ತುಂಬಲು ಹೊರಡಲಿಲ್ಲ. ಸ್ಟುಡಿಯೋದ ಬರಿದಾದ ವಿಸ್ತಾರವನ್ನು ಹಾಗೆಯೇ ಇರಗೊಟ್ಟು, ಅದರ ನಡುವೆ ಮನುಷ್ಯರನ್ನು ಚಿಕ್ಕದಾಗಿಸಿ ನಿಲ್ಲಿಸಿದರು. ಸೋತ ನಿರ್ದೇಶಕನೊಬ್ಬನ ಕಥೆಗೆ ಆ ಖಾಲಿತನವೇ ತಕ್ಕ ಹಿನ್ನೆಲೆಯಾಯಿತು.

ಗೀತಾ ದತ್ ಹಾಡಿದ ವಿಷಾದಗೀತೆಯ ಚಿತ್ರೀಕರಣ ಇದೇ ಚಿತ್ರದ್ದು. ಗುರುದತ್ ಮತ್ತು ವಹೀದಾ ರೆಹಮಾನ್ ಪಾತ್ರಗಳು ಮಾತಿಲ್ಲದೆ ದೂರ ದೂರ ನಿಂತಿರುವಾಗ ಮೇಲಿನಿಂದ ಓರೆಯಾಗಿ ಒಂದು ಬೆಳಕಿನ ಕೋಲು ಇಳಿಯಬೇಕಿತ್ತು. ಸ್ಟುಡಿಯೋ ದೀಪದ ಬೆಳಕು ಮುಂದೆ ಸಾಗಿದಂತೆ ಹರಡಿಕೊಳ್ಳುತ್ತದೆ. ಬಿಸಿಲಿನ ಕಿರಣಗಳಾದರೋ ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಇದನ್ನರಿತ ಮೂರ್ತಿಯವರು ದೊಡ್ಡ ಕನ್ನಡಿಯೊಂದನ್ನು ಹೊರಗಿರಿಸಿ ಬಿಸಿಲನ್ನು ಒಳಕ್ಕೆ ತಿರುಗಿಸಿದರು. ಒಳಗೆ ಎತ್ತರದಲ್ಲಿದ್ದ ಎರಡನೆಯ ಕನ್ನಡಿ ಅದನ್ನು ನೆಲಕ್ಕೆ ಇಳಿಸಿತು. ಕೋಲು ಕಣ್ಣಿಗೆ ಕಾಣುವಂತೆ ತುಸು ಹೊಗೆ ಹಾಕಿದರು. ಸೂರ್ಯ ಸರಿದಂತೆಲ್ಲ ಕನ್ನಡಿಯನ್ನೂ ಸರಿಸುತ್ತ ಹೋಗಬೇಕಾದ ಕೆಲಸವದು. ಎರಡು ಕನ್ನಡಿ, ಒಂದಿಷ್ಟು ಹೊಗೆ. ಅದರಿಂದ ಮೂಡಿದ್ದು ಭಾರತೀಯ ಛಾಯಾಗ್ರಹಣದ ಅತ್ಯಂತ ಪ್ರಸಿದ್ಧ ದೃಶ್ಯ.

ಚಿತ್ರ ಮಾತ್ರ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು. ಆ ಸೋಲಿನ ನಂತರ ಗುರುದತ್ ತಮ್ಮ ಹೆಸರಿನಲ್ಲಿ ಮತ್ತೆ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ಮೂರ್ತಿಯವರಿಗೆ ಅದೇ ಚಿತ್ರ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು. ಗೆಳೆಯನ ಬದುಕು ಕುಸಿದ ಜಾಗದಲ್ಲೇ ಇವರ ಕೀರ್ತಿ ನಿಂತದ್ದು ವಿಧಿಯ ವಿಪರ್ಯಾಸವೆನ್ನಬೇಕು.

ವರ್ಣ ಛಾಯಾಗ್ರಹಣ ಕಲಿಯಲು ಮೂರ್ತಿಯವರು ಲಂಡನ್ನಿಗೂ ಹೋಗಿಬಂದರು. ಅಲ್ಲಿ ‘ದಿ ಗನ್ಸ್ ಆಫ್ ನವರೋನ್’ ಚಿತ್ರೀಕರಣವನ್ನು ಹತ್ತಿರದಿಂದ ಕಂಡರು. ಅಬ್ರಾರ್ ಅಲ್ವಿ ನಿರ್ದೇಶಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಮತ್ತೆ ಕಪ್ಪು-ಬಿಳುಪಿನದೇ ಹಬ್ಬ. ತಲೆತಗ್ಗಿಸಿ ಬರುವ ಭೂತನಾಥನ ಕಣ್ಣಿಗೆ ಮೊದಲು ಕಾಣುವುದು ಛೋಟಿ ಬಹುವಿನ ಪಾದಗಳು. ಮೀನಾಕುಮಾರಿಯ ಮುಖ ಕಾಣುವುದು ಆಮೇಲೆ. ಇದೇ ಚಿತ್ರದ ನೃತ್ಯವೊಂದರಲ್ಲಿ ಸಹನರ್ತಕಿಯರು ಗುರುದತ್ ಅವರಿಗೆ ಹಿಡಿಸಲಿಲ್ಲ. ಮೂರ್ತಿಯವರು ನಾಯಕ ನರ್ತಕಿ ಮೀನೂ ಮುಮ್ತಾಜ್ ಅವರ ಮೇಲಷ್ಟೇ ಬೆಳಕು ಚೆಲ್ಲಿ, ಉಳಿದವರನ್ನು ಕತ್ತಲಲ್ಲೇ ಕುಣಿಸಿದರು. ತೊಡಕು ಚಿತ್ರದ ಸೊಬಗಾಯಿತು. ಈ ಚಿತ್ರಕ್ಕೂ ಅವರಿಗೆ ಫಿಲ್ಮ್‌ಫೇರ್ ಸಂದಿತು.

ಗೆಳೆಯನಿಲ್ಲದ ಹಾದಿ

1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡರು. ಅವರಿಗೆ 39 ವರ್ಷ, ಮೂರ್ತಿಯವರಿಗಿನ್ನೂ 40. ಅಲ್ಲಿಂದ ಮುಂದಿನ ಹಾದಿ ಬಣ್ಣದ ಜನಪ್ರಿಯ ಚಿತ್ರಗಳದು. ‘ಸೂರಜ್’ ಅಂಥದ್ದೊಂದು. ಪ್ರಮೋದ್ ಚಕ್ರವರ್ತಿ ಅವರೊಂದಿಗೆ ‘ಜಿದ್ದಿ’, ‘ಲವ್ ಇನ್ ಟೋಕಿಯೋ’, ‘ನಯಾ ಜಮಾನಾ’, ‘ಜುಗ್ನು’ ಮಾಡಿದರು. ಕಸುಬಿನಲ್ಲಿ ಕೊರತೆಯಿರಲಿಲ್ಲ, ಚಿತ್ರಗಳು ಗಳಿಸಿದವು ಕೂಡ. ಆದರೆ ಕತ್ತಲನ್ನು ಬೇಡುವ ನಿರ್ದೇಶಕ ಅವರಿಗೆ ಮತ್ತೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಛಾಯಾಗ್ರಾಹಕನ ಕಲೆ ಎಷ್ಟೇ ದೊಡ್ಡದಿರಲಿ, ಅದಕ್ಕೆ ಎಡೆಮಾಡಿಕೊಡುವ ಕಣ್ಣೊಂದು ಎದುರಿಗಿರಬೇಕೆಂಬುದಕ್ಕೆ ಅವರ ಈ ಘಟ್ಟವೇ ಸಾಕ್ಷಿ.

1988ರಲ್ಲಿ ಕಿರುತೆರೆ ಅವರನ್ನು ಮತ್ತೆ ಗಂಭೀರ ಕೃತಿಗಳತ್ತ ಕರೆತಂದಿತು. ಶ್ಯಾಮ್ ಬೆನೆಗಲ್ ಅವರ ‘ಭಾರತ್ ಏಕ್ ಖೋಜ್’ ಹಾಗೂ ಗೋವಿಂದ ನಿಹಲಾನಿ ಅವರ ‘ತಮಸ್’ ಧಾರಾವಾಹಿಗಳಿಗೆ ಅವರು ದುಡಿದರು. ನಿಹಲಾನಿ ಕಲಿತದ್ದೂ ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ. ವೃತ್ತಿ ಆರಂಭಿಸಿದ್ದು ಮೂರ್ತಿಯವರ ಸಹಾಯಕರಾಗಿ.

ತವರಿನ ಚಿತ್ರರಂಗಕ್ಕೆ ಅವರು ದಕ್ಕಿದ್ದು ತಡವಾಗಿ. ತ್ರಿವೇಣಿಯವರ ಕಾದಂಬರಿ ಆಧರಿಸಿ ರಾಜೇಂದ್ರ ಸಿಂಗ್ ಬಾಬು ನಿರ್ದೇಶಿಸಿದ ‘ಹೂವು ಹಣ್ಣು’ (1993) ಅವರು ಚಿತ್ರೀಕರಿಸಿದ ಕನ್ನಡ ಚಿತ್ರ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. ಉಮಾ ರಾವ್ ಅವರು ಬರೆದ ‘ಬಿಸಿಲು ಕೋಲು’ ಈ ಹಿರಿಯ ಜೀವದ ಕಥೆಯನ್ನು ಕನ್ನಡಿಗರ ಮುಂದಿಟ್ಟಿತು.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 2010ರ ಜನವರಿಯಲ್ಲಿ ಘೋಷಣೆಯಾದಾಗ ಅವರಿಗೆ 86 ವರ್ಷ. ನಟರಿಗೂ ನಿರ್ದೇಶಕರಿಗೂ ಗಾಯಕರಿಗೂ ಸಂದಿದ್ದ ಆ ಗೌರವ ಛಾಯಾಗ್ರಹಣಕ್ಕಾಗಿ ಒಬ್ಬರಿಗೆ ದೊರೆತದ್ದು ಅದೇ ಮೊದಲು. ‘ಕಾಗಜ್ ಕೆ ಫೂಲ್’ ತೆರೆಕಂಡು ಆ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ ಮೂರ್ತಿಯವರು ನಿಧನರಾದರು. ಅಂದು ಪ್ರೇಕ್ಷಕರು ತಿರಸ್ಕರಿಸಿದ್ದ ಚಿತ್ರವನ್ನು ಛಾಯಾಗ್ರಹಣ ಕಲಿಯುವವರು ಇಂದು ಪಾಠದಂತೆ ನೋಡುತ್ತಾರೆ.