ಡಾಕ್ಟರ್ ಸುಂದರಲಾಲ್ ಹೋರಾ

ಹಲಗೂರಿಗೆ ದೂರವಲ್ಲದ ಶಿಂಷಾ ಜಲಪಾತವನ್ನು ಕಂಡವರೆಲ್ಲರೂ ಆ ಸೆಳವಿನಲ್ಲಿ ಮೀನು ಹೇಗೆ ನಿಂತೀತೆಂದು ಬೆರಗಾಗದಿರರು. ಈ ಪ್ರಶ್ನೆಯ ವಿಚಾರದಲ್ಲಿ ಬಾಳನ್ನು ಸವೆಯಿಸಿದವರು ಡಾಕ್ಟರ್ ಹೋರಾ. 1896ರಲ್ಲಿ ಪಂಜಾಬಿನಲ್ಲಿ ಜನಿಸಿ, ಲಾಹೋರಿನಲ್ಲಿ ವ್ಯಾಸಂಗಮಾಡಿ, ಕಲ್ಕತ್ತೆಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದ ಇವರು 1947ರಲ್ಲಿ ಅದರ ನಿರ್ದೇಶಕರಾದರು.

ಚಪ್ಪಟೆಯ ಒಡಲೂ ಬಂಡೆಗಂಟುವ ರೆಕ್ಕೆಯೂ ಉಳ್ಳ ಮೀನುಗಳೇ ಪ್ರವಾಹದಲ್ಲಿ ನಿಂತು ಸಂತತಿಯನ್ನು ಬೆಳೆಸುವುವು, ಮಿಕ್ಕವು ಕೊಚ್ಚಿಹೋಗುವುವು. ತಲೆಮಾರುಗಳು ಕಳೆದಂತೆ ಕುಲದ ರೂಪವೇ ಮಾರ್ಪಡುವುದು. ಡಾರ್ವಿನ್ ಪಂಡಿತನು ಹೇಳಿದ ನಿಸರ್ಗದ ಆಯ್ಕೆ ಇದೇ. 1941ರಲ್ಲಿ ಹೋರಾ ಅವರು ಇಂತಹದೊಂದು ಮೀನಿಗೆ ನಮ್ಮ ಮೈಸೂರಿನ ಹೆಸರನ್ನಿಟ್ಟರು. ಇದರ ಬಂಧುಗಳು ದೂರದ ಅಸ್ಸಾಮಿನ ಹೊಳೆಗಳಲ್ಲಿರುವುದೇಕೆ? ಪೂರ್ವಕಾಲದಲ್ಲಿ ವಿಂಧ್ಯ ಸಾತ್ಪುಡ ಶ್ರೇಣಿಗಳ ತೊರೆಗಳೇ ಅವುಗಳಿಗೆ ದಾರಿಯಾಗಿದ್ದುವೆಂದು ಅವರು ವಾದಿಸಿದರು. ಪಂಡಿತರೆಲ್ಲರೂ ಇದನ್ನೊಪ್ಪಲಿಲ್ಲ, ಆದರೂ ಮೀನಿನ ಮೈಯಲ್ಲಿ ಬೆಟ್ಟಗಳ ಚರಿತ್ರೆಯನ್ನರಸಿದ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿನ ಮತ್ಸ್ಯವಿನೋದವನ್ನೂ ಅವರು 1951ರಲ್ಲಿ ವಿವೇಚಿಸಿದರು. 1955ರಲ್ಲಿ ಗತಿಸಿದರು.